ಸೊಪ್ಪು ಕಾಯುತ್ತದೆಂದು ನಂಬಿದ್ದ ದೊಡ್ಡವ್ವ

ರೇಷ್ಮೆಹುಳುವಿನ ಕೋಣೆಗೆ ಕಾಲಿಡುವ ಮುನ್ನ ಬಾಯಲ್ಲಿದ್ದ ಹೊಗೆಸೊಪ್ಪನ್ನು ಉಗಿದು, ಮುಕ್ಕಳಿಸಿ, ಮೊಣಕೈವರೆಗೆ ಸೀಗೆಪುಡಿ ಹಚ್ಚಿ ತೊಳೆದುಕೊಳ್ಳುವ ಹೆಂಗಸೊಬ್ಬಳು, ಆ ಕೋಣೆಯಿಂದ ಹೊರಬಂದೊಡನೆ ಅದೇ ಹೊಗೆಸೊಪ್ಪನ್ನು ತನ್ನ ಕೆನ್ನೆಯೊಳಗೆ ಇಟ್ಟುಕೊಳ್ಳುವುದನ್ನು ಕಂಡರೆ ನೀವು ಅವಳಿಗೆ ಏನೆಂದು ಹೇಳುತ್ತೀರಿ? ಉತ್ತರಿಸಲು ಅವಸರಪಡಬೇಡಿ. ಅವಳು ದಡ್ಡಳಾಗಿರಲಿಲ್ಲ. ಕ್ಯಾನ್ಸರ್ ಎಂಬ ರೋಗದ ಹೆಸರನ್ನು ಕೇಳಿರದವಳೂ ಆಗಿರಲಿಲ್ಲ. ತನಗೆ ಆ ರೋಗ ಬಾರದಿರುವುದಕ್ಕೆ ಅವಳ ಬಳಿ ಒಂದು ಕಾರಣವಿತ್ತು. ಆ ಕಾರಣವನ್ನು ಹಿತ್ತಲಿನಲ್ಲಿ ತಾನೇ ಬಿತ್ತಿ, ನೀರು ಹೊಯ್ದು ಬೆಳೆಸಿದ್ದಳು.

ನನಗೆ ಮೊದಲು ನೆನಪಾಗುವುದು ಅವಳ ಎಡಗೆನ್ನೆ. ಮುಖದ ಬಲಭಾಗ ಮೂಳೆ ಕಾಣುವಂತೆ ಒಣಗಿದ್ದರೆ, ಎಡಭಾಗ ಸಣ್ಣ ನಿಂಬೆಹಣ್ಣೊಂದನ್ನು ಒಳಗಿನಿಂದ ಒತ್ತಿ ಇಟ್ಟಂತೆ ಸದಾ ಉಬ್ಬಿಕೊಂಡಿರುತ್ತಿತ್ತು. ಅವಳ ಮುಖದ ಆಕಾರವೇ ಹಾಗೆಂದು ಚಿಕ್ಕವಳಾಗಿದ್ದಾಗ ನಾನು ತಿಳಿದಿದ್ದೆ. ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು ಸೇರಿದ ಆ ಉಂಡೆಯಿಲ್ಲದ ಅವಳ ಕೆನ್ನೆಯನ್ನು ನಾನು ಕಂಡದ್ದು ಹುಳುಮನೆಯ ಒಳಗೆ ಮಾತ್ರ. ಬೆರಳುಗಳು ಹಿಪ್ಪುನೇರಳೆ ಸೊಪ್ಪಿನ ಹಾಲು ಅಂಟಿ ಅಂಟಿ ಕಪ್ಪು ಹಸಿರಾಗಿದ್ದವು. ಹಬ್ಬಕ್ಕೆ ಎಣ್ಣೆ ಸ್ನಾನ ಮಾಡಿದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಅವಳು ನನ್ನ ತಾಯಿಯ ಅಕ್ಕ. ನಮ್ಮ ಊರು ಮಾಗಡಿ ತಾಲ್ಲೂಕಿನ ಒಳಭಾಗದಲ್ಲಿತ್ತು. ಅಲ್ಲಿಂದ ಕಾಲೇಜಿಗೆ ಹೋಗಿಬರುವುದು ಹೆಣ್ಣುಮಗಳಿಗೆ ಆಗದ ಮಾತು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೂಟಗಲ್ಲಿನ ಕಡೆಯ ಹಳ್ಳಿಯಲ್ಲಿದ್ದ ದೊಡ್ಡವ್ವ ಒಂದು ದಿನ ಬಂದು, "ರಾಮನಗರಕ್ಕೆ ನಮ್ಮೂರಿಂದ ಬಸ್ಸೈತೆ. ಮಗೀನ ನನ್ ತಾವ ಬುಡು. ಓದೋ ಕೈಗೆ ಕಸಬರಿಕೆ ಕೊಡ್ಬ್ಯಾಡ" ಎಂದು ನನ್ನ ಅಪ್ಪನಿಗೆ ಹೇಳಿ, ಉತ್ತರಕ್ಕೂ ಕಾಯದೆ ನನ್ನ ಬಟ್ಟೆಯ ಚೀಲವನ್ನು ಎತ್ತಿಕೊಂಡು ನಡೆದಳು. ಪದವಿಯ ವರ್ಷಗಳನ್ನೆಲ್ಲ ನಾನು ಅವಳ ಮನೆಯಲ್ಲಿ ಕಳೆದೆ. ಇಂದು ನಾನು ವೇದಿಕೆಯ ಮೇಲೆ ನಿಂತು ನಾಲ್ಕು ಮಾತು ಆಡಬಲ್ಲೆನಾದರೆ ಅದು ಅವಳು ಅಂದು ಎತ್ತಿಕೊಂಡ ಆ ಚೀಲದಿಂದ.

ಅದು ನಮ್ಮ ಸೀಮೆಯಲ್ಲಿ ರೇಷ್ಮೆ ಉಕ್ಕಿದ ಕಾಲ. ಹೊಸ ತಳಿಯ ಮೊಟ್ಟೆ ಬಂದಿತ್ತು, ಕೊಳವೆಬಾವಿ ಬಂದಿತ್ತು, ರಾಮನಗರದ ಗೂಡಿನ ಮಾರುಕಟ್ಟೆಗೆ ಎಲ್ಲೆಲ್ಲಿಂದಲೋ ಗಾಡಿ, ಟೆಂಪೊಗಳು ಬರತೊಡಗಿದ್ದವು. ಹಂಚಿನ ಮನೆಗಳ ಪಕ್ಕದಲ್ಲಿ ತಾರಸಿ ಮನೆಗಳು ಎದ್ದವು. ಮನುಷ್ಯರು ಹಜಾರದಲ್ಲಿ ಮಲಗಿ, ಗಾಳಿ ಬೆಳಕಿರುವ ಒಳ್ಳೆಯ ಕೋಣೆಯನ್ನು ಹುಳುವಿಗೆ ಬಿಟ್ಟುಕೊಡುವುದು ಎಲ್ಲ ಮನೆಗಳ ಪದ್ಧತಿಯಾಯಿತು.

ಹುಳು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಹೊಗೆಸೊಪ್ಪಿನ ಸೋಂಕು ಅದಕ್ಕೆ ವಿಷ. ಹೊಗೆಸೊಪ್ಪು ತಿಕ್ಕಿದ ಕೈಯಿಂದ ಸೊಪ್ಪು ಹಾಕಿದರೆ ಹುಳು ತಲೆಯೆತ್ತಿ ಒದ್ದಾಡಿ, ಹಸಿರು ನೀರು ಕಾರಿ ಸಾಯುತ್ತದೆ. ಆದ್ದರಿಂದ ದೊಡ್ಡವ್ವನ ಹೊಗೆಸೊಪ್ಪಿನ ಡಬ್ಬಿ ಎಂದೂ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಅದರ ಜಾಗ ದನದ ಕೊಟ್ಟಿಗೆಯ ಮಾಡು. ಹುಳುಮನೆಯ ಬಾಗಿಲಲ್ಲಿ ಅವಳು ನಿಂತರೆ ಯಾರಿಗೂ ವಿನಾಯಿತಿಯಿಲ್ಲ. ಒಮ್ಮೆ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರು ಹುಳುಗಳನ್ನು ನೋಡಲು ಬಂದರು. ಬೀಡಿಯ ವಾಸನೆ ಅವರಿಗಿಂತ ಮೊದಲು ಅಂಗಳಕ್ಕೆ ಬಂದಿತ್ತು.

"ಸಾಮಿ, ನಿಂತ್ಕಳಿ ಅಲ್ಲೇ," ಎಂದಳು ದೊಡ್ಡವ್ವ.

"ನಾನು ಇಲಾಖೆಯಿಂದ ಬಂದಿರೋದಮ್ಮ."

"ಇಲಾಕೆ ನಿಮ್ಗೆ ಗೊತ್ತು. ಹುಳಕ್ಕೆ ಗೊತ್ತಿಲ್ವಲ್ಲ. ಹೋಗಿ ಬಾಯಿ ತೊಳ್ಕಬನ್ನಿ. ಸೀಗೆಪುಡಿ ತೊಟ್ಟಿ ಮ್ಯಾಲೈತೆ."

ದೊಡ್ಡಪ್ಪ ಮುಜುಗರದಿಂದ, "ಏನಮ್ಮಿ ನೀನು, ಸಾಹೇಬ್ರಿಗೆ ಹಂಗಂತಾರಾ?" ಎಂದ. "ಸಾಹೇಬ್ರು ಗೂಡು ಕಟ್ತಾರೇನಯ್ಯ? ಗೂಡು ಕಟ್ಟೋರ ಮರ್ವಾದಿ ನೋಡ್ಬೇಕು ನಾನು" ಎಂದು ಅವಳು ಬಾಗಿಲಿಗೆ ಅಡ್ಡನಿಂತಳು. ಅಧಿಕಾರಿ ನಗುತ್ತ ತೊಟ್ಟಿಯ ಕಡೆಗೆ ಹೋದರು. ಅವರು ಮರಳಿ ಬರುವುದರೊಳಗೆ ದೊಡ್ಡವ್ವ ಕೊಟ್ಟಿಗೆಗೆ ಹೋಗಿ ತನ್ನ ಕೆನ್ನೆಯನ್ನು ತುಂಬಿಸಿಕೊಂಡು ಬಂದಿದ್ದಳು. ಅವರೊಡನೆ ಒಳಗೆ ಹೋದವನು ದೊಡ್ಡಪ್ಪ. ಅವಳು ಹೊರಗಿನಿಂದಲೇ ಹುಳುವಿನ ವಿಷಯ ಹೇಳುತ್ತ ನಿಂತಳು. ಊರಿನ ಅರ್ಧದಷ್ಟು ಹೆಂಗಸರು ಇದೇ ನಿಯಮದಲ್ಲಿ ಬದುಕುತ್ತಿದ್ದರು. ಹುಳುವಿನಿಂದ ಹೊಗೆಸೊಪ್ಪನ್ನು ದೂರವಿಟ್ಟೆವೆಂಬ ನೆಮ್ಮದಿಯಲ್ಲಿ ತಮ್ಮ ಬಾಯಿಯ ವಿಚಾರ ಯಾರ ಮನಸ್ಸಿಗೂ ಬರುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳು ಊರಿಗಿಂತ ಬೇರೆಯಾಗಿದ್ದಳು. ಹಿಪ್ಪುನೇರಳೆಯ ಆಸೆಗೆ ಜನ ಮೊದಲು ರಾಗಿಯ ಹೊಲವನ್ನು ಕೊಟ್ಟರು, ಆಮೇಲೆ ಅವರೆಯ ಸಾಲನ್ನು ಕೊಟ್ಟರು, ಕೊನೆಗೆ ಮನೆಯ ಹಿಂದಿನ ಹಿತ್ತಲನ್ನೂ ಕೊಟ್ಟರು. ದಂಟು, ಹರಿವೆ, ಬದನೆ, ಸೀಬೆಯ ಗಿಡ ಇದ್ದಲ್ಲೆಲ್ಲ ರೇಷ್ಮೆ ಕಡ್ಡಿ ಚಿಗುರಿತು. ಕೈಯಲ್ಲಿ ಕಾಸಿದ್ದ ಜನ ತರಕಾರಿಯನ್ನು ಸಂತೆಯಿಂದ ತರಬಹುದಿತ್ತು, ತರಲಿಲ್ಲ. ಗೂಡು ಮಾರಿ ಬರುವಾಗ ಖಾರದ ಪೊಟ್ಟಣ, ಬ್ರೆಡ್ಡು, ಮಾಂಸ ಬಂದವು. ಹಸಿರೆಲ್ಲ ಹುಳುವಿನ ತಟ್ಟೆಗೆ ಹೋಗಿ, ಮನುಷ್ಯರ ತಟ್ಟೆಯಲ್ಲಿ ಮುದ್ದೆಯೂ ನೀರು ಸಾರೂ ಉಳಿದವು. ಇದನ್ನು ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಲವಾದ ವಾದವಾಗಿ ಮಂಡಿಸಿ ಚಪ್ಪಾಳೆ ಪಡೆದೆ. ದೊಡ್ಡವ್ವ ಮಂಡಿಸಲಿಲ್ಲ, ತನ್ನ ಹಿತ್ತಲನ್ನು ಬಿಟ್ಟುಕೊಡಲಿಲ್ಲ, ಅಷ್ಟೆ.

"ಆ ಒಸಿ ಜಾಗದಾಗೂ ಕಡ್ಡಿ ನೆಟ್ರೆ ಇನ್ನೊಂದು ತಟ್ಟೆ ಹುಳ ಮೇಯ್ತದೆ ಕಣಮ್ಮಿ," ಎಂದು ದೊಡ್ಡಪ್ಪ ಪ್ರತಿ ಬೆಳೆಗೂ ಕೇಳುತ್ತಿದ್ದ.

"ಹುಳ ಮೇಯ್ತದೆ. ನಾವೇನ್ ಮೇಯಾನಾ? ನೀನು ಕಡ್ಡಿ ನೆಡು, ಅವತ್ತಿಂದ ನಿನ್ ಮುದ್ದೆಗೆ ರೇಷ್ಮೆ ಸೊಪ್ಪಿನ ಸಾರೇ ಬಿಡ್ತೀನಿ."

ಅವಳ ಮನೆಯಲ್ಲಿ ನಾನು ಸೊಪ್ಪಿಲ್ಲದ ಊಟ ಮಾಡಿದ ನೆನಪಿಲ್ಲ. ಬೆಳಿಗ್ಗೆ ಸೀಬೆಹಣ್ಣು, ಇಲ್ಲವೇ ಪರಂಗಿ. ಮಧ್ಯಾಹ್ನ ಬಸ್ಸಾರು. ನಾನು ಓದುತ್ತ ಕುಳಿತಿದ್ದರೆ ಕಪ್ಪು ಬೆರಳುಗಳ ಕೈಯೊಂದು ಸೀಬೆಯ ಹೋಳಿಗೆ ಉಪ್ಪು ಖಾರ ಹಚ್ಚಿ ಪುಸ್ತಕದ ಪಕ್ಕದಲ್ಲಿ ಮಡಗಿ ಹೋಗುತ್ತಿತ್ತು.

ಒಮ್ಮೆ ಊರಿನ ಶಾಲೆಯಲ್ಲಿ ಆರೋಗ್ಯದ ಬಗ್ಗೆ ಉಪನ್ಯಾಸವಾಯಿತು. ಬಂದಿದ್ದ ಮಹನೀಯರು, ಹಣ್ಣು ತರಕಾರಿ ಹೆಚ್ಚಾಗಿ ತಿನ್ನುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ಕಡಿಮೆಯಾಗಿ ಕಾಣುತ್ತದೆ ಎಂದು ತಿಳಿದವರು ಹೇಳುತ್ತಾರೆ ಎಂದರು. ಹೊಗೆಸೊಪ್ಪಿನ ಬಗ್ಗೆಯೂ ಅವರು ಹೇಳಿದರು. ಎರಡು ಮಾತನ್ನೂ ದೊಡ್ಡವ್ವ ಸರಿಯಾಗಿಯೇ ಕೇಳಿಸಿಕೊಂಡಳು. ಆದರೆ ಅವುಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು, ಒಂದು ಮತ್ತೊಂದನ್ನು ಸರಿದೂಗಿಸುತ್ತದೆ ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ಮನೆಗೆ ಬಂದವಳೇ ಕೊಟ್ಟಿಗೆಯ ಮಾಡಿಗೆ ಕೈ ಚಾಚಿ, "ಕೇಳ್ದಾ ಮಗ? ನಾನು ದಿನಾ ತಿನ್ನೋ ಸೊಪ್ಪಿಗೆ ಈ ಚೂರು ಯಾವ ಲೆಕ್ಕ? ಸೊಪ್ಪು ಚಂದಾಗಿದ್ರೆ ಹುಳಕ್ಕೆ ರೋಗ ಬರಾಕಿಲ್ಲ. ಮನ್ಸರಿಗೂ ಅಷ್ಟೇಯ" ಎಂದಳು.

ಹುಳು ಸಾಕುವವಳ ತರ್ಕ ಅದು. ಒಳ್ಳೆಯ ಮೇವು ತಿಂದ ಹುಳು ಒಳ್ಳೆಯ ಗೂಡು ಕಟ್ಟುವುದನ್ನು ಬೆಳೆಯಿಂದ ಬೆಳೆಗೆ ಕಂಡಿದ್ದವಳಿಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಆ ತರ್ಕವನ್ನು ಮುರಿಯುವ ಸಾಕ್ಷ್ಯವೂ ಅವಳ ಮನೆಯಲ್ಲೇ ದೊರೆಯಿತು. ಅದೇ ಬೇಸಗೆಯಲ್ಲಿ ಸೊಪ್ಪು ಕೊಚ್ಚಲು ಬಂದ ಆಳೊಬ್ಬ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿ, ಪಂಚೆಗೆ ಒರಸಿಕೊಂಡು ಕೆಲಸಕ್ಕೆ ಕುಳಿತ. ದೊಡ್ಡವ್ವ ಆಗ ಕನಕಪುರಕ್ಕೆ ಮದುವೆ ಮಾಡಿಕೊಟ್ಟಿದ್ದ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಮರಳಿ ಬಂದಾಗ ತಟ್ಟೆ ತಟ್ಟೆಗಳಲ್ಲಿ ಹುಳುಗಳು ಹಸಿರು ಕಾರಿಕೊಂಡು ಸತ್ತಿದ್ದವು. ಅವಳು ಕೂಗಾಡಲಿಲ್ಲ. ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ಗುಂಡಿಗೆ ಹಾಕಿ, ಮಣ್ಣು ಮುಚ್ಚಿ, ಸುಣ್ಣ ಚೆಲ್ಲಿ ಬಂದು ಜಗಲಿಯ ಮೇಲೆ ಕುಳಿತಳು.

ಕೆಲವು ದಿನ ಕಳೆದ ಮೇಲೆ ನಾನು ಕೇಳಿದೆ: "ದೊಡ್ಡವ್ವ, ಅವತ್ತು ಹುಳಕ್ಕೆ ಹಾಕಿದ ಸೊಪ್ಪು ಕೆಟ್ಟದಾಗಿತ್ತಾ?"

"ಕೆಟ್ಟದ್ದಾ? ಬೆಣ್ಣೆ ಅಂತಾ ಸೊಪ್ಪು ಕಣವ್ವ. ಬಾವಿ ಮಗ್ಗುಲಿಂದು."

"ಮತ್ತೆ ಅಂಥ ಸೊಪ್ಪು ಹುಳವನ್ನ ಯಾಕೆ ಕಾಯಲಿಲ್ಲ?"

ಅವಳು ನನ್ನನ್ನು ನೋಡಿದಳು. ಪ್ರಶ್ನೆ ಎಲ್ಲಿಗೆ ಹೊರಟಿದೆಯೆಂಬುದು ಅವಳಿಗೆ ಆಗಲೇ ತಿಳಿದಿತ್ತು. ಕೆನ್ನೆಯ ಉಂಡೆಯನ್ನು ನಾಲಗೆಯಿಂದ ಸರಿಸಿಕೊಂಡು ನಕ್ಕಳು.

"ಹುಳ ಒಂದು ತಿಂಗಳ ಜೀವ. ನಾನು ಕಲ್ಲಿನ ಕಟ್ಟೆ. ನನ್ನೂ ಹುಳಾನೂ ಒಂದೇ ತಕ್ಕಡಿಗೆ ಹಾಕ್ತೀಯಲ್ಲೇ? ಕಪ್ಪು ಗಿಪ್ಪು ಗೆಲ್ಲಾದು ಕಾಲೇಜ್ನಾಗೆ ಮಡಿಕ, ನನ್ ತಾವ ಅಲ್ಲ."

ಅಂದಿನಿಂದ ಕೆಲವು ದಿನ ಅವಳು ಕೊಟ್ಟಿಗೆಯ ಕಡೆಗೆ ಹೋಗುವುದು ಕಡಿಮೆಯಾಯಿತು. ಮತ್ತೆ ಹೊಸ ಬೆಳೆಯ ಮೊಟ್ಟೆ ಬಂತು, ನಿದ್ದೆ ಕೆಟ್ಟಿತು, ಹಸಿವು ಮರೆಯಲು ಬಾಯಿಗೆ ಏನಾದರೂ ಬೇಕಾಯಿತು. ಡಬ್ಬಿ ಮತ್ತೆ ಕೆಳಗಿಳಿಯಿತು.

ರೋಗ ಬಂದುದನ್ನು ಅವಳು ಹೇಳಲಿಲ್ಲ. ಅವಳ ತಟ್ಟೆ ಹೇಳಿತು. ಮೊದಲು ಸೀಬೆಹಣ್ಣಿಗೆ ಖಾರ ಹಚ್ಚುವುದನ್ನು ಬಿಟ್ಟಳು. ಆಮೇಲೆ ಸೀಬೆಯನ್ನೇ ಬಿಟ್ಟು ಪರಂಗಿಯನ್ನು ಹಿಚುಕಿ ತಿನ್ನತೊಡಗಿದಳು. ಮುದ್ದೆಯ ತುತ್ತು ಗೋಲಿಯಷ್ಟಾಯಿತು, ಏಕೆಂದರೆ ಬಾಯಿ ಅದಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ನಾನು ಒತ್ತಾಯಿಸಿ ಬಿಸಿಲಿಗೆ ಕೂರಿಸಿ ನೋಡಿದಾಗ ಎಡಗೆನ್ನೆಯ ಒಳಬದಿಯಲ್ಲಿ ಅಂಚು ಗಟ್ಟಿಯಾದ ಹುಣ್ಣೊಂದು, ಅದರ ಸುತ್ತ ಸುಣ್ಣ ಬಳಿದಂತೆ ಬಿಳಿಯ ಕಲೆ ಕಂಡವು.

"ಎಷ್ಟು ದಿನದಿಂದ ಇದೆ ಇದು?"

"ಗಣಿಕೆ ಸೊಪ್ಪು ತಿಂತಾ ಇವ್ನಿ. ಬಾಯ್ ಹುಣ್ಣಿಗೆ ಅದ್ಕಿಂತ ಮದ್ದಿಲ್ಲ."

"ಎಷ್ಟು ದಿನದಿಂದ?"

"ಎರಡು ಬೆಳೆ ಆಯ್ತೇನೋ ಬುಡು."

ಕಾಲವನ್ನು ಬೆಳೆಗಳಲ್ಲಿ ಅಳೆಯುವ ಮನೆಯಲ್ಲಿ ಆ ಮಾತಿನ ಅರ್ಥ ತಿಂಗಳುಗಳು. ಹುಣ್ಣು ಬಂದ ಮೇಲೆ ಅವಳು ಊಟದ ಸೊಪ್ಪನ್ನು ಇಮ್ಮಡಿ ಮಾಡಿದ್ದಳು. ಡಬ್ಬಿಯ ವಿಷಯ ಕೇಳಿದರೆ, ಅದನ್ನು ಬಲಗೆನ್ನೆಗೆ ಬದಲಾಯಿಸಿರುವುದಾಗಿ ಒಪ್ಪಿಕೊಂಡಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗೋಣವೆಂದೆ. ಹುಳು ಆಗ ನಾಲ್ಕನೆಯ ಸಲ ಪೊರೆ ಕಳಚಿ ಎದ್ದಿತ್ತು. ಅದನ್ನು ನಮ್ಮಲ್ಲಿ ನಾಲ್ಕನೇ ಜ್ವರ ಎನ್ನುತ್ತಾರೆ. ಅಲ್ಲಿಂದ ಮುಂದೆ ಹುಳು ರಾಶಿ ಸೊಪ್ಪು ತಿನ್ನುವ ಹೊತ್ತು. "ಈಗ ಬುಟ್ಟು ಬಂದ್ರೆ ಯಾರ್ ಮೇವು ಹಾಕ್ತಾರೆ? ಹುಳ ಹಣ್ಣಾಗಿ ಗೂಡು ಕಟ್ಲಿ, ಗೂಡು ಬಿಡಿಸಿ ಬತ್ತೀನಿ" ಎಂದಳು. ಗೂಡು ಬಿಡಿಸಿದ್ದಾಯಿತು. ಅಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆಗೆ ಹೇಳಿಯಾಗಿತ್ತು, ಅದೂ ಬಂತು. ಗೂಡಿನ ಬೆಲೆ ಏರುತ್ತಿದ್ದ ದಿನಗಳಲ್ಲಿ ಹುಳುಮನೆ ಖಾಲಿಯಿಡುವುದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಆ ಬೆಳೆಯ ಕೊನೆಗೆ ಅವಳ ಕೆನ್ನೆ ಹೊರಗಿನಿಂದಲೇ ಕೆಂಪಾಗಿ ಮಿರುಗತೊಡಗಿತು. ಈಗ ಅದು ಉಬ್ಬಲು ಹೊಗೆಸೊಪ್ಪು ಬೇಕಿರಲಿಲ್ಲ.

ಆಗ ದೊಡ್ಡಪ್ಪ ಒಂದು ಕೆಲಸ ಮಾಡಿದ. ಹೆಚ್ಚು ಮಾತಾಡದ ಮನುಷ್ಯ ಅವನು. ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ, ಒಂದರ ಮೇಲೊಂದು ಪೇರಿಸಿ, ಹುಳುಮನೆಯ ಬಾಗಿಲು ಎಳೆದು ಚಿಲಕ ಹಾಕಿದ. ತೋಟದಲ್ಲಿ ಆಳೆತ್ತರ ನಿಂತಿದ್ದ ಹಿಪ್ಪುನೇರಳೆಯನ್ನು ಪಕ್ಕದ ಮನೆಯವರಿಗೆ ಕೊಯ್ದುಕೊಳ್ಳಲು ಹೇಳಿದ. "ಈ ಸಲ ಮೊಟ್ಟೆ ತರಾಕಿಲ್ಲ. ಎದ್ದೇಳಮ್ಮಿ, ಬಸ್ಸು ಬರ್ತದೆ" ಎಂದ. ಗಂಡನ ಮಾತಿಗೆ ಎದುರಾಡದೆ ದೊಡ್ಡವ್ವ ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯ ವೈದ್ಯೆ ನಡುವಯಸ್ಸಿನವರು, ಮೆಲುದನಿಯವರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ದವಡೆಗೂ ಕುತ್ತಿಗೆಯ ಗಂಟುಗಳಿಗೂ ಹರಡಿದೆಯೆಂದು ಹೇಳಿದರು. ದೊಡ್ಡವ್ವ ಅದನ್ನೆಲ್ಲ ಕೇಳಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ತೊದಲುತ್ತ ಒಂದು ಪ್ರಶ್ನೆ ಕೇಳಿದಳು.

"ಡಾಕಟ್ರಮ್ಮ, ನಾನು ಜಲ್ಮೆಲ್ಲಾ ಸೊಪ್ಪು ತಿಂದವ್ಳು. ಹಣ್ಣು ತಿಂದವ್ಳು. ನಮ್ಮೂರಾಗೆ ನನ್ನಷ್ಟು ತಿಂದೋರಿಲ್ಲ. ಅದೆಲ್ಲಾ ದಂಡವಾ?"

ವೈದ್ಯೆ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ದಂಡ ಅಲ್ಲಮ್ಮ. ಸೊಪ್ಪು, ಹಣ್ಣು ತಿನ್ನೋರಿಗೆ ಬಾಯಿ, ಗಂಟಲಿನ ಕ್ಯಾನ್ಸರ್ ಒಂದಿಷ್ಟು ಕಡಿಮೆ ಅಂತ ಕಾಣುತ್ತೆ. ಎಷ್ಟು ಕಡಿಮೆ, ಯಾಕೆ ಕಡಿಮೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ನಿಮಗೆ ಅದರಿಂದ ಎಷ್ಟು ಉಪಕಾರ ಆಯ್ತು ಅಂತ ನಾನು ಹೇಳೋಕಾಗಲ್ಲ, ಯಾರಿಗೂ ಆಗಲ್ಲ. ಆದರೆ ಹೊಗೆಸೊಪ್ಪು ದಿನಾ ಮಾಡೋ ಕೆಲಸವನ್ನ ಸೊಪ್ಪಿನ ಸಾರು ದಿನಾ ಅಳಿಸಿಹಾಕಲ್ಲ. ಮತ್ತೆ ಹುಣ್ಣು ಬಂದ ಮೇಲೆ ಯಾವ ಸೊಪ್ಪೂ ಯಾವ ಹಣ್ಣೂ ಅದನ್ನ ವಾಸಿ ಮಾಡಲ್ಲ. ಬಿಳಿ ಕಲೆ ಇದ್ದಾಗಲೇ ಬಂದಿದ್ರೆ..."

"ಹುಳ ಇತ್ತು," ಎಂದಳು ದೊಡ್ಡವ್ವ. ಅದನ್ನು ನೆಪವೆಂದು ಹೇಳಲಿಲ್ಲ. ಮನೆಯಲ್ಲಿ ಎಳೆಮಗುವಿತ್ತು ಎನ್ನುವವಳ ದನಿಯಲ್ಲಿ ಹೇಳಿದಳು. ದೊಡ್ಡಪ್ಪ ಗೋಡೆಯ ಕಡೆಗೆ ತಿರುಗಿ ನಿಂತ.

ಶಸ್ತ್ರಚಿಕಿತ್ಸೆಗೆ ಕಾಲ ಮೀರಿತ್ತು. ಕಿರಣ ಚಿಕಿತ್ಸೆ ಕೊಟ್ಟರು. ಕೆನ್ನೆಯ ಚರ್ಮ ಕರಕಲಾಗಿ, ಸ್ವಲ್ಪ ದಿನ ನೋವು ತಗ್ಗಿದಂತಾಗಿ, ಮತ್ತೆ ಮರಳಿತು. ಊರಿಗೆ ಕರೆತಂದೆವು. ಬಾಯಿ ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ಸೊಪ್ಪು ಬೇಯಿಸಿ ಬಸಿದ ನೀರನ್ನು ನಾನು ಚಮಚದಲ್ಲಿ ಬಿಡುತ್ತಿದ್ದೆ. ಅರ್ಧ ಒಳಗೆ ಹೋದರೆ ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು. ನೋಡಲು ಬಂದವರು ವಾಸನೆ ತಡೆಯಲಾರದೆ ಬಾಗಿಲಲ್ಲೇ ನಿಂತು ಮಾತನಾಡಿಸಿ ಹೋಗುತ್ತಿದ್ದರು. ಅವರು ಹೋಗುತ್ತ ಅಂಗಳದಲ್ಲಿ ಆಡುವ ಮಾತು ಅವಳಿಗೂ ಕೇಳಿಸುತ್ತಿತ್ತು: "ಇಷ್ಟು ಸೊಪ್ಪು ತಿಂದೋಳ್ಗೇ ಬಂತಲ್ಲಾ, ಇನ್ ನಾವು ತಿಂದೇನ್ ಬಂತು ಬುಡಕ್ಕ."

ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮಾತು ಆಗ ಇತರರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು.

"ನೀನು ನಾಕ್ ಜನದ ಮುಂದೆ ಮಾತಾಡೋಳು. ನನ್ ಬಾಯಿ ಇಸ್ಯ ಹೇಳು, ನಾಚ್ಕಬ್ಯಾಡ. ಡಬ್ಬಿ ಬುಡಿ ಅನ್ನು. ಸೊಪ್ಪು ಬುಡಿ ಅಂತ ಮಾತ್ರ ಯಾರೂ ತಿಳ್ಕಬಾರ್ದು, ಕಂಡಾ?"

ಆ ವಾರವೇ ಅವಳು ಹೋದಳು. ಬೆಳಗಿನ ಹೊತ್ತು, ಅಕ್ಕಪಕ್ಕದ ಮನೆಗಳಲ್ಲಿ ಹುಳುವಿಗೆ ಮೇವು ಹಾಕುವ ಸಮಯ. ಹುಳುವಿಗೆ ಮೈಲಿಗೆ ತಗುಲಬಾರದೆಂದು ಬಹಳ ಹೆಂಗಸರು ಹೆಣದ ಹತ್ತಿರ ಬರಲಿಲ್ಲ. ಬೀದಿಯ ಆ ಬದಿಯಲ್ಲೇ ನಿಂತು ಅತ್ತರು. ಅವರ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಈಗಿಲ್ಲ. ದೊಡ್ಡವ್ವ ಬದುಕಿದ್ದಿದ್ದರೆ ಅವಳೂ ಅಲ್ಲಿಯೇ ನಿಲ್ಲುತ್ತಿದ್ದಳು.

ಅವಳ ಸಾವಿನಿಂದ ಊರು ತಪ್ಪು ತೀರ್ಮಾನವನ್ನೇ ತೆಗೆಯಿತು. ಸೊಪ್ಪು ತಿಂದವಳೂ ಸತ್ತಳು, ಆದ್ದರಿಂದ ಸೊಪ್ಪಿನಿಂದ ಪ್ರಯೋಜನವಿಲ್ಲ ಎಂದಿತು. ವಾದದ ಗರಡಿಯಲ್ಲಿ ಪಳಗಿದವಳಾಗಿ ನಾನು ಹೇಳಬಲ್ಲೆ: ಒಂದು ಸಾವಿನಿಂದ ಅಂಥ ನಿರ್ಣಯ ಹುಟ್ಟುವುದಿಲ್ಲ. ಸೊಪ್ಪು ತಿನ್ನುತ್ತೇನಾದ್ದರಿಂದ ನನಗೆ ಏನೂ ಬಾರದು ಎಂಬ ನಿರ್ಣಯವೂ ಹಾಗೆಯೇ ಆಧಾರವಿಲ್ಲದ್ದು. ತಟ್ಟೆಯಲ್ಲಿನ ಹಸಿರು ನಮ್ಮ ಅಪಾಯವನ್ನು ಒಂದಿಷ್ಟು ತಗ್ಗಿಸಬಹುದು. ನಮ್ಮ ಕೈಯಾರೆ ಬಾಯಿಗಿಟ್ಟ ವಿಷಕ್ಕೆ ಅದು ಜಾಮೀನು ನಿಲ್ಲುವುದಿಲ್ಲ. ಇಷ್ಟನ್ನು ಹೇಳಲು ನಾನು ಅಂದಿನಿಂದ ಚನ್ನಪಟ್ಟಣ, ಮಾಗಡಿ, ಹಾರೋಹಳ್ಳಿಗಳ ಹೆಂಗಸರ ಸಭೆಗಳಿಗೆ ಹೋಗಿದ್ದೇನೆ. ಚಪ್ಪಾಳೆಗಳು ಬಂದಿವೆ. ಚಪ್ಪಾಳೆ ತಟ್ಟಿದ ಕೈಗಳೇ ಸಭೆ ಮುಗಿದ ಮೇಲೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಹೊಗೆಸೊಪ್ಪು ತೆಗೆಯುವುದನ್ನೂ ಕಂಡಿದ್ದೇನೆ. ಅವಳು ನನಗೆ ವಿದ್ಯೆ ಕೊಡಿಸಿದಳು; ಆ ವಿದ್ಯೆಯಿಂದ ನಾನು ಅವಳನ್ನಾಗಲಿ, ಅವಳಂಥ ಬಹಳ ಮಂದಿಯನ್ನಾಗಲಿ ಉಳಿಸಿಕೊಂಡೆನೆಂದು ಹೇಳಲಾರೆ.

ಆದ್ದರಿಂದ ಇದನ್ನು ಓದಿದವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ ಹೊಗೆಸೊಪ್ಪು ಅಗಿಯುವ ಹಿರಿಯರಿದ್ದರೆ ನಾಳೆ ಬೆಳಿಗ್ಗೆ ಅವರನ್ನು ಬಿಸಿಲಿಗೆ ಕೂರಿಸಿ, ಬಾಯಿ ತೆರೆಸಿ ನೋಡಿ. ಬಿಳಿಯ ಕಲೆಯಿದ್ದರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಯಾವ ಕೆಲಸ ಅರ್ಧಕ್ಕೆ ನಿಂತರೂ ಸರಿ, ಅಂದೇ ಬಸ್ಸು ಹತ್ತಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ.